ಕೊನೆಯ ಚೌಕಟ್ಟಿನ ಒಂಟಿ ಗೀಟು

ವೆಲ್ಡರ್‌ಗೆ ಬೆಂಕಿಯ ಭಯವಿರಲಿಲ್ಲ, ಕರೆಂಟಿನ ಭಯವಿರಲಿಲ್ಲ, ಮೂರನೇ ಮಹಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಂಬಿ ಬೆಸೆಯುವುದಕ್ಕೂ ಭಯವಿರಲಿಲ್ಲ. ಇದ್ದದ್ದು ಒಂದೇ ಭಯ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾಲ್ಕು ಜನ ವ್ಯವಹಾರಸ್ಥರ ನಡುವೆ ನಿಲ್ಲುವುದೆಂದರೆ ಅವನ ಬಾಯಿ ಒಣಗುತ್ತಿತ್ತು. ಅಂಥ ಕಡೆ ಕೈಗಳನ್ನು ಎಲ್ಲಿಡಬೇಕೆಂದೇ ತೋಚುತ್ತಿರಲಿಲ್ಲ. ಜೇಬಿಗೆ ಹಾಕಿದರೆ ಜಂಬ ಅಂದಾರು, ಕಟ್ಟಿಕೊಂಡರೆ ಏನೋ ಕೇಳಲು ಬಂದವನಂತೆ ಕಂಡೀತು, ಸುಮ್ಮನೆ ಇಳಿಬಿಟ್ಟರೆ ಸುಟ್ಟ ಕಲೆಗಳೆಲ್ಲ ಎದ್ದು ಕಾಣುತ್ತವೆ.

ಅವನನ್ನು ಶಾಲೆಯ ಮೈದಾನಕ್ಕೆ ಅಟ್ಟಿದ್ದು ಹೆಂಡತಿ. ಅಂಗಡಿಯಲ್ಲಿ ಬಣ್ಣ ಹೊಡೆಯುವ ಕೆಲಸ ಅವಳದು, ಬುದ್ಧಿ ಹೇಳುವ ಕೆಲಸವೂ ಅವಳದೇ.

"ಬಾಗಿಲಲ್ಲಿ ಕೂತು ಗಿರಾಕಿ ಬರ್ತಾರೆ ಅಂತ ಕಾಯ್ತಾ ಇದ್ರೆ ಕಬ್ಬಿಣಕ್ಕೆ ತುಕ್ಕು ಬರುತ್ತೆ, ಅಷ್ಟೆ. ಮಗಳು ದಿನಾ ಸಂಜೆ ಅಲ್ಲಿ ಚೆಂಡು ಒದೀತಾಳೆ. ಈ ಊರಿನ ಅರ್ಧ ವ್ಯಾಪಾರ ಆ ಮೈದಾನದ ಗೆರೆ ಪಕ್ಕ ನಿಂತಿರುತ್ತೆ ಕಣ್ರೀ. ನೀವೂ ಹೋಗಿ ನಿಂತ್ಕೊಳ್ಳಿ. ಮಾತಾಡೋದೇನೂ ಬೇಡ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದಲ್ಲಿ ಗೋಲು ಕಾಯುವ ಗೋಲಿ ಬೇಕರಿಯವರ ಮಗಳು. ಹಿಂದೆ ನಿಂತು ಆಡುವ ಉದ್ದ ಕಾಲಿನವಳು ಕಂಟ್ರಾಕ್ಟರ್ ಮಗಳು. ಔಷಧಿ ಅಂಗಡಿಗೆ ಕಪಾಟು ಮಾಡಿಕೊಟ್ಟ ಬಡಗಿ ಸಿಕ್ಕಿದ್ದು ಇದೇ ಗೆರೆಯ ಪಕ್ಕದಲ್ಲಿ, ಬೇಕರಿಗೆ ಹೊಸ ಒಲೆ ಗೊತ್ತಾದದ್ದೂ ಇಲ್ಲಿಯೇ. ಕೂಗಿ ಕೂಗಿ ಗಂಟಲು ಕಟ್ಟಿದವರು ಒಬ್ಬರ ಬೆನ್ನು ಇನ್ನೊಬ್ಬರು ತಟ್ಟುತ್ತಾರೆ. ಹಾಗೆ ತಟ್ಟಿದ ಕೈ ನಾಳೆ ಅಂಗಡಿಯ ಮುಂದೆ ಸುಮ್ಮನೆ ಹಾದುಹೋಗುವುದಿಲ್ಲ.

ವೆಲ್ಡರ್ ಮೂರು ವಾರ ನಿಂತ. ನಾಲ್ಕನೇ ವಾರ ಬೇಕರಿಯವರು ಟ್ರೇ ಜೋಡಿಸುವ ಸ್ಟ್ಯಾಂಡಿನ ಮಾತೆತ್ತಿದರು, ಎರಡೇ ದಿನದಲ್ಲಿ ಮಾಡಿಕೊಟ್ಟ. ಐದನೇ ವಾರ ಮಗಳು ಎರಡು ಗೋಲು ಹೊಡೆದಳು. ಆ ಸಂಜೆ ಕಂಟ್ರಾಕ್ಟರ್ ತಾವಾಗಿಯೇ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮ ಹುಡುಗೀನಾ ಅದು? ಏನು ಕಾಲ್ರೀ ಅವಳದು. ನೋಡಿ ವೆಲ್ಡರ್ರೇ, ಫೈನಲ್ ನಮ್ಮ ಮೈದಾನದಲ್ಲೇ ಇದೆ. ಜನ ಕೂರೋಕೆ ಜಾಗ ಇಲ್ಲ. ಕಬ್ಬಿಣ ನಾನು ಕೊಡ್ತೀನಿ, ಹಲಗೆ ಬೇಕರಿಯವರು ಕೊಡ್ತಾರೆ, ಕೆಲಸ ನಿಮ್ಮದು. ಐದು ಮೆಟ್ಟಿಲಿನ ಒಂದು ಗ್ಯಾಲರಿ ಎಬ್ಬಿಸಿಬಿಡಿ. ಆಮೇಲೆ ನನ್ನ ಹೊಸ ಕಟ್ಟಡದ್ದು ನಲವತ್ತೆರಡು ಕಿಟಕಿ ಇದೆ. ಕೂತು ಮಾತಾಡೋಣ."

ನಲವತ್ತೆರಡು ಕಿಟಕಿ. ಆ ರಾತ್ರಿ ವೆಲ್ಡರ್ ಮಲಗಿದಲ್ಲೇ ಒಂದೊಂದೇ ಕಿಟಕಿ ತೆರೆದು ಮುಚ್ಚಿ ನೋಡಿದ.

ಅವನ ಕೆಲಸಕ್ಕೊಂದು ಕ್ರಮವಿತ್ತು. ಕಬ್ಬಿಣದ ಎರಡು ತುಂಡನ್ನು ಜೋಡಿಸುವಾಗ ಮೊದಲು ಚುಕ್ಕಿಯಷ್ಟು ಅಂಟಿಸಿ ನಿಲ್ಲಿಸಿಕೊಳ್ಳುತ್ತಾರೆ. ಅದಕ್ಕೆ ಟ್ಯಾಕ್ ಎನ್ನುತ್ತಾರೆ. ದರ್ಜಿ ಹಾಕುವ ಕಚ್ಚಾ ಹೊಲಿಗೆಯ ಹಾಗೆ ಅದು, ಹಿಡಿದು ನಿಲ್ಲುತ್ತದೆ, ಭಾರ ತಡೆಯುವುದಿಲ್ಲ. ಅಳತೆ ಸರಿಯಿದೆ ಎಂದಾದ ಮೇಲೆ ಪೂರ್ತಿ ಬೆಸೆಯಬೇಕು. ಟ್ಯಾಕ್ ಹಾಕಿದ ಚೌಕಟ್ಟಿಗೆ ವೆಲ್ಡರ್ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದ. ಪೂರ್ತಿ ಬೆಸೆದ ಮೇಲೆ ಅದರ ಮೇಲೆ ಅಡ್ಡ ಇನ್ನೊಂದು ಗೀಟು. ಎರಡು ಗೀಟು ಕಾಣದೆ ಹೆಂಡತಿ ಬಣ್ಣದ ಡಬ್ಬಿ ತೆರೆಯುತ್ತಿರಲಿಲ್ಲ. ಹದಿನಾರು ವರ್ಷದಿಂದ ಹೀಗೇ ನಡೆದಿತ್ತು.

ಗ್ಯಾಲರಿಗೆ ಆರು ಚೌಕಟ್ಟು. ಐದು ಮುಗಿದು, ಆರನೆಯದಕ್ಕೆ ಟ್ಯಾಕ್ ಹಾಕಿ ಒಂದು ಗೀಟು ಎಳೆದಿದ್ದ ಅಷ್ಟೆ, ಕಂಟ್ರಾಕ್ಟರ್ ಫೋನು ಬಂತು. "ಎಲ್ರೂ ಗೆರೆ ಹತ್ರ ಇದೀವಿ, ಬನ್ನಿ, ನಿಮ್ಮನ್ನ ಇಬ್ಬರಿಗೆ ಪರಿಚಯ ಮಾಡಿಸ್ಬೇಕು." ವೆಲ್ಡರ್ ಕೈತೊಳೆದು ಅಂಗಿ ಬದಲಿಸಿ ಓಡಿದ. ಅಲ್ಲಿ ನಿಂತಿದ್ದಾಗ ಹೆಂಡತಿಯ ಫೋನು ಬಂತು. ಅವಳ ಧ್ವನಿ ಮೊದಲೇ ದೊಡ್ಡದು.

"ಐದಕ್ಕೂ ಬಣ್ಣ ಆಯ್ತು. ಈ ಕೊನೇದಕ್ಕೂ ಹೊಡೀಲಾ? ಇದರಲ್ಲಿ ಒಂದೇ ಗೀಟು ಇದೆಯಲ್ಲ?"

ಪರಿಚಯವಾಗಬೇಕಿದ್ದ ಇಬ್ಬರೂ ಅವನನ್ನೇ ನೋಡುತ್ತಿದ್ದರು. ಕಂಟ್ರಾಕ್ಟರ್ ಹುಬ್ಬೇರಿಸಿ, "ಏನು, ಕೆಲಸ ಇನ್ನೂ ಮುಗಿದಿಲ್ವಾ?" ಎಂದರು. ಅವರು ಕೇಳಿದ್ದು ತಮಾಷೆಗೆ. ವೆಲ್ಡರ್‌ನ ಕಿವಿ ಬಿಸಿಯಾಯಿತು. ಹೆಂಡತಿಗೆ ವರದಿ ಒಪ್ಪಿಸುವವನ ಹಾಗೆ ಕಾಣುತ್ತಿದ್ದೇನೆ ಎನಿಸಿತು.

"ಎಲ್ಲ ಮುಗಿದಿದೆ. ನಾನು ಹೇಳ್ತಾ ಇದೀನಲ್ಲ, ಹೊಡಿ," ಎಂದು ಫೋನು ಕಟ್ ಮಾಡಿದ.

ಅವಳು ಹೊಡೆದಳು. ಮರುದಿನ ಆರೂ ಚೌಕಟ್ಟು ಒಂದೇ ನೀಲಿ. ವೆಲ್ಡರ್‌ನ ತಲೆ ತುಂಬ ಕಿಟಕಿಗಳಿದ್ದವು, ಚೌಕಟ್ಟಿಗೆ ಜಾಗವೆಲ್ಲಿ. ಲಾರಿ ಬಂತು, ಹೊತ್ತರು, ನಿಲ್ಲಿಸಿದರು, ಹಲಗೆ ಜೋಡಿಸಿದರು. ಸೀಮೆಸುಣ್ಣದ ಆ ಒಂಟಿ ಗೀಟು ಬಣ್ಣದ ಕೆಳಗೆ ಹೋಯಿತು, ಅವನ ನೆನಪಿನಿಂದಲೂ ಹೋಯಿತು.

ಫೈನಲ್ ದಿನ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊನೆಯ ಚೌಕಟ್ಟು ಇದ್ದದ್ದು ಗೇಟಿನ ಕಡೆಗೆ. ಅಲ್ಲಿ ಕೆಳಗಿನ ಎರಡು ಮೆಟ್ಟಿಲಲ್ಲಿ ಒಂದನೇ ತರಗತಿಯ ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಮೇಲಿನ ಮೆಟ್ಟಿಲುಗಳಲ್ಲಿ ದೊಡ್ಡವರು. ಎಲ್ಲರಿಗಿಂತ ಮೇಲೆ, ತುದಿಯಲ್ಲಿ, ಅವನ ಹೆಂಡತಿ. ಗಂಡ ಕಟ್ಟಿದ್ದರ ಮೇಲೆ ಮೊದಲು ಹತ್ತಿ ಕೂತವಳು ಅವಳೇ.

ಬಂದವರೆಲ್ಲ ಕಬ್ಬಿಣವನ್ನು ತಟ್ಟಿ ನೋಡಿ ತಲೆದೂಗುತ್ತಿದ್ದರು. ಕಂಟ್ರಾಕ್ಟರ್ ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, "ಇವರೇ ಮಾಡಿದ್ದು, ನನ್ನ ಕಟ್ಟಡಾನೂ ಇವರಿಗೇ" ಎಂದು ಕಂಡಕಂಡವರಿಗೆ ಹೇಳಿದರು. ಅಂದು ಮೊದಲ ಸಲ ವೆಲ್ಡರ್‌ನ ಕೈಗಳು ಎಲ್ಲಿರಬೇಕೋ ಅಲ್ಲಿದ್ದವು.

ಎದುರಿನವರು ಮೊದಲು ಒಂದು ಗೋಲು ಹೊಡೆದರು. ಅರ್ಧ ಆಟ ಮುಗಿಯಲು ಸ್ವಲ್ಪವೇ ಇದ್ದಾಗ ಕಂಟ್ರಾಕ್ಟರ್ ಮಗಳು ದೂರದಿಂದ ಒದ್ದ ಚೆಂಡು ಹೇಗೋ ಒಳಗೆ ಹೋಗಿ ಸಮವಾಯಿತು. ಇಡೀ ಗ್ಯಾಲರಿ ಎದ್ದು ಹಾರಿ ಧಡ್ ಎಂದು ಕೂತಿತು.

ಆ ಧಡ್‌ನ ಒಳಗೆ ಒಂದು ಸಣ್ಣ ಟಿಕ್ ಇತ್ತು.

ಅದು ಬೇರೆ ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಕಂಟ್ರಾಕ್ಟರ್ ಕುಣಿಯುತ್ತಿದ್ದರು. ಹಾಲು ಕಾಯಿಸುವವರಿಗೆ ಇನ್ನೊಂದು ಕೋಣೆಯಲ್ಲಿದ್ದರೂ ಉಕ್ಕುವುದು ತಿಳಿಯುತ್ತದಲ್ಲ, ಹಾಗೆ ವೆಲ್ಡರ್‌ಗೆ ತಿಳಿಯಿತು. ಟ್ಯಾಕ್ ಬಿಟ್ಟ ಸದ್ದು ಅದು. ಆದರೆ ಟ್ಯಾಕ್ ಎಲ್ಲಿಂದ ಬಂತು? ನಾನು ಪೂರ್ತಿ ಬೆಸೆದಿದ್ದೇನಲ್ಲ, ಅಂದುಕೊಂಡ. ಅಂದುಕೊಂಡರೂ ಕಾಲು ಗ್ಯಾಲರಿಯ ಹಿಂಭಾಗಕ್ಕೆ ಹೊರಟಿತ್ತು.

ಬಗ್ಗಿ ಒಳಗೆ ಹೋದ. ಹಲಗೆಗಳ ಸಂದಿಯಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಇಳಿದಿತ್ತು. ತಲೆಯ ಮೇಲೆ ನೂರಾರು ಪಾದ. ಮೊದಲ ಚೌಕಟ್ಟು ಸರಿಯಿತ್ತು. ಎರಡು, ಮೂರು, ನಾಲ್ಕು, ಐದು ಸರಿಯಿದ್ದವು. ಆರನೆಯದರ ಮುಂದೆ ಮಂಡಿಯೂರಿದ. ಹಿಂದಿನ ಎತ್ತರದ ಕಾಲಿಗೆ ಓರೆಯಾಗಿ ಕೊಟ್ಟ ಆಸರೆ ಕಂಬಿ, ಅದರ ನಾಲ್ಕು ಕೂಡಿಕೆ. ಮೇಲಿನ ಕೂಡಿಕೆಯಲ್ಲಿ ನೀಲಿ ಬಣ್ಣ ಸೀಳಿತ್ತು. ಸೀಳಿನೊಳಗೆ ಕಬ್ಬಿಣ ಹೊಸದಾಗಿ ಹೊಳೆಯುತ್ತಿತ್ತು. ಹೆಬ್ಬೆರಳಿಟ್ಟು ಒತ್ತಿದ. ಅಲುಗಿತು. ಅದರ ಕೆಳಗಿನ ಕೂಡಿಕೆಯಲ್ಲೂ ಕೂದಲೆಳೆಯಷ್ಟು ಗೆರೆ ಮೂಡಿತ್ತು.

ಇದರಲ್ಲಿ ಒಂದೇ ಗೀಟು ಇದೆಯಲ್ಲ?

ಹೆಂಡತಿಯ ಧ್ವನಿ ಕಿವಿಯಲ್ಲೇ ಆಡಿದಂತಾಯಿತು. ಅವಳು ಈಗ ಕೂತಿರುವುದು ಸರಿಯಾಗಿ ಈ ಕಾಲಿನ ಮೇಲೆ. ಇದು ಮಡಚಿದರೆ ಮೇಲಿನ ಮೆಟ್ಟಿಲಿನವರೆಲ್ಲ ಒಂದಾಳು ಎತ್ತರದಿಂದ ಕೆಳಗಿನವರ ಮೇಲೆ ಬೀಳುತ್ತಾರೆ. ಕೆಳಗೆ ಒಂದನೇ ತರಗತಿ.

ಹೋಗಿ ಹೇಳಬೇಕು. ಹೇಳಿದರೆ? ಈಗ ತಾನೆ ನೂರು ಜನಕ್ಕೆ "ಇವರೇ ಮಾಡಿದ್ದು" ಎಂದು ತೋರಿಸಿಯಾಗಿದೆ. ಬೆಸೆಯದೆ ಬಣ್ಣ ಬಳಿದ ವೆಲ್ಡರ್ ಎಂದು ಒಮ್ಮೆ ಹೆಸರು ಬಿದ್ದರೆ ಕಿಟಕಿ ಹಾಗಿರಲಿ, ಒಂದು ಕೊಕ್ಕೆ ಮಾಡಿಸಲೂ ಯಾರೂ ಬಾಗಿಲಿಗೆ ಬರಲಾರರು. ಅವನ ಬುದ್ಧಿ ಅವನಿಗೇ ಸುಳ್ಳು ಹೇಳಲು ಶುರು ಮಾಡಿತು. ಇನ್ನು ಅರ್ಧ ಆಟ ತಾನೆ. ಮೂರು ಕೂಡಿಕೆ ಇನ್ನೂ ಹಿಡಿದಿವೆ. ಎಲ್ಲರೂ ಹೋದ ಮೇಲೆ ಮೆಷಿನ್ ತಂದು ಬೆಸೆದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಬೇರೆ ಯಾವನಾದರೂ ಹೀಗೆ ಹೇಳಿದ್ದರೆ ಅವನೇ ಕಪಾಳಕ್ಕೆ ಬಾರಿಸುತ್ತಿದ್ದ.

ಆಟ ಮತ್ತೆ ಶುರುವಾಯಿತು. ವೆಲ್ಡರ್ ಹೊರಗೆ ಬರಲಿಲ್ಲ. ಕುಕ್ಕರಗಾಲಲ್ಲಿ ಕೂತು ಕಂಬಿಗೆ ಹೆಗಲು ಕೊಟ್ಟ, ಎರಡು ಕೈಯಿಂದ ಕೂಡಿಕೆ ಅದುಮಿ ಹಿಡಿದ. ಮೇಲೆ ಒಬ್ಬರು ಕಾಲು ಅಲ್ಲಾಡಿಸಿದರೂ ಅವನ ಹಲ್ಲಿನವರೆಗೆ ಕಂಪನ ಬರುತ್ತಿತ್ತು. ಕಾಪಾಡಪ್ಪಾ ಎಂದು ಯಾರನ್ನು ಕೇಳಿಕೊಳ್ಳುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಬೇಕರಿಯವರು ಬಗ್ಗಿ ಇಣುಕಿದರು. "ಏನ್ರೀ ವೆಲ್ಡರ್ರೇ, ಅಲ್ಲೇನು ಮಾಡ್ತಾ ಇದೀರಿ? ಕಂಟ್ರಾಕ್ಟರ್ ಹುಡುಕ್ತಿದಾರೆ."

ಇದೇ ಸಮಯ. ಹೇಳಿಬಿಡು.

"ಮಗಳ ನೀರಿನ ಬಾಟ್ಲಿ ಬಿತ್ತು. ಹುಡುಕ್ತಾ ಇದೀನಿ."

"ಬೇಗ ಬನ್ನಿ, ಒಳ್ಳೇ ಆಟ," ಎಂದು ಅವರು ಹೋದರು. ವೆಲ್ಡರ್‌ಗೆ ತನ್ನ ಮೇಲೇ ಅಸಹ್ಯವಾಯಿತು.

ಮೈದಾನದಲ್ಲಿ ಏನೋ ಆಯಿತು, ಜನ ಅರ್ಧ ಎದ್ದು ಓ ಎಂದು ಮತ್ತೆ ಕೂತರು. ಅವನ ಬೆರಳುಗಳ ನಡುವೆಯೇ ಇನ್ನೊಂದು ಟಿಕ್. ಹೆಗಲಿಗೆ ಭಾರ ಇಳಿದದ್ದು ಗೊತ್ತಾಯಿತು. ಈಗ ಎರಡೇ ಕೂಡಿಕೆ. ಒಬ್ಬ ಮನುಷ್ಯನ ಹೆಗಲು ಇದನ್ನು ತಡೆಯುವುದಿಲ್ಲ, ಅಷ್ಟು ಲೆಕ್ಕ ಅವನಿಗೆ ಬರುತ್ತಿತ್ತು.

ಹೊರಗೆ ತೆವಳಿ ಬಂದು ಮೊದಲು ಕೂಗಿದ್ದು ಹೆಂಡತಿಯನ್ನು. "ಇಳಿದು ಬಾ."

"ಯಾಕೆ? ಇಷ್ಟು ಒಳ್ಳೇ ಜಾಗ ಬಿಟ್ಟು? ಆಟ ಮುಗೀಲಿ, ಇರಿ."

ಮಕ್ಕಳ ಟೀಚರ್ ಬಳಿ ಓಡಿದ. "ಮೇಡಂ, ಮಕ್ಕಳನ್ನ ಆ ಕಡೆ ಕರ್ಕೊಂಡು ಹೋಗಿ. ಇಲ್ಲಿ ಬಿಸಿಲು."

ಟೀಚರ್ ಆಕಾಶ ನೋಡಿದರು. ಅಷ್ಟರಲ್ಲಿ ಮೋಡ ಕವಿದಿತ್ತು. "ಬಿಸಿಲೆಲ್ಲಿದೆ? ಈಗ ಎಬ್ಬಿಸಿದ್ರೆ ಇವರನ್ನ ಮತ್ತೆ ಕೂರಿಸೋಕಾಗಲ್ಲ," ಎಂದು ಅವರು ಆಟದ ಕಡೆ ತಿರುಗಿದರು. ಕೊನೆಗೆ ಅವನು ಕೂಗಿದ. "ಇಳೀರಿ, ಎಲ್ಲ ಇಳೀರಿ" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಗೆರೆಯ ಪಕ್ಕ ನಿಂತು ಕೂಗುತ್ತಿದ್ದವರು ಐವತ್ತು ಜನ. ಅವನು ಐವತ್ತೊಂದನೆಯವನಾದ, ಅಷ್ಟೆ.

ಆಗ ಗ್ಯಾಲರಿಯ ಸದ್ದು ಬದಲಾಯಿತು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ವೆಲ್ಡರ್ ನೋಡಿದ. ಚೆಂಡು ಮಗಳ ಕಾಲಲ್ಲಿತ್ತು.

ಅವಳು ಮೈದಾನದ ನಡುವಿನಿಂದ ಹೊರಟಿದ್ದಳು. ಒಬ್ಬಳನ್ನು ದಾಟಿದಳು. ಇನ್ನೊಬ್ಬಳು ಜಾರಿ ಬಿದ್ದಳು. ಮುಂದೆ ಖಾಲಿ ಹುಲ್ಲು, ಎದುರಿನ ಗೋಲಿ, ಅವಳ ಹಿಂದೆ ಕಂಬ. ಜನ ಒಬ್ಬೊಬ್ಬರಾಗಿ ಏಳುತ್ತಿದ್ದರು. ಒಂದನೇ ತರಗತಿಯ ಮಕ್ಕಳು ಹಲಗೆಯ ಮೇಲೆ ಹತ್ತಿ ನಿಂತರು. ಹೆಂಡತಿ ಎರಡೂ ಕೈ ಮೇಲೆತ್ತಿದ್ದಳು.

ಮಗಳು ಹೊಡೆಯುತ್ತಾಳೆ. ಹೊಡೆದರೆ ಇವರೆಲ್ಲ ಹಾರುತ್ತಾರೆ.

ದೇವರೇ, ತಪ್ಪಲಿ, ಎಂದುಕೊಂಡ ವೆಲ್ಡರ್. ಹೆತ್ತ ಮಗಳ ಆಟ ಕೆಡಲಿ ಎಂದು ಬೇಡಿಕೊಂಡ. ಆದರೆ ಆ ಕಾಲು ಅವನಿಗೆ ಗೊತ್ತಿತ್ತು. ಅಂಗಡಿಯ ಹಿಂದಿನ ಗೋಡೆಗೆ ಅವಳು ಮೂರು ವರ್ಷ ಚೆಂಡು ಒದ್ದದ್ದನ್ನು ಅವನು ನೋಡಿದ್ದ. ಗೋಡೆಯ ಅದೇ ಒಂದು ಇಟ್ಟಿಗೆ ಸವೆದಿತ್ತು, ಪಕ್ಕದ್ದು ಸವೆದಿರಲಿಲ್ಲ.

ಅವನು ಗೆರೆ ದಾಟಿ ಓಡಿದ. ಇಸ್ತ್ರಿ ಮಾಡಿದ ಅಂಗಿ, ಮಣ್ಣಾದ ಮಂಡಿ, ಒಂದು ಚಪ್ಪಲಿ ಗೆರೆಯಲ್ಲೇ ಉಳಿಯಿತು. ಸೀಟಿ ಊದಿದ್ದು ಕೇಳಿಸಿತು, ನಿಲ್ಲಲಿಲ್ಲ. ಮಗಳು ಕಾಲು ಹಿಂದಕ್ಕೆ ಎಳೆದಿದ್ದಳು. ಅವಳ ಕಾಲಿಗೂ ಚೆಂಡಿಗೂ ನಡುವೆ ಅಪ್ಪ ಬಂದು ಬಿದ್ದ. ಒದೆ ಅವನ ಮೊಣಕೈಗೆ ಬಿತ್ತು. ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಹುಲ್ಲಿನ ಮೇಲೆ ಮುದುಡಿಕೊಂಡ.

ಗ್ಯಾಲರಿಯಲ್ಲಿ ಎದ್ದವರು ಎದ್ದಲ್ಲೇ ನಿಂತರು, ಯಾರೂ ಹಾರಲಿಲ್ಲ.

"ಅಪ್ಪ," ಎಂದಳು ಮಗಳು. ಅವಳ ಮುಖದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ.

ಡ್ರಿಲ್ ಮೇಷ್ಟ್ರು ಕೈಯಲ್ಲಿ ಮೈಕು ಹಿಡಿದು ಓಡಿ ಬಂದರು. "ತಲೆ ಕೆಟ್ಟಿದೆಯೇನ್ರೀ ನಿಮಗೆ?" ವೆಲ್ಡರ್ ಎದ್ದು ಆ ಮೈಕನ್ನೇ ಕಿತ್ತುಕೊಂಡ. ಮೈಕು ಹಲ್ಲಿಗೆ ಬಡಿಯಿತು.

"ಯಾರೂ ಹಾರಬೇಡಿ. ಏಳಬೇಡಿ. ಇದ್ದಲ್ಲೇ ಇರಿ. ಈ ಗ್ಯಾಲರಿ ನಾನು ಮಾಡಿದ್ದು. ಗೇಟಿನ ಕಡೆ ಚೌಕಟ್ಟು ನಾನು ಬೆಸೆದಿಲ್ಲ. ಬೆಸೆದೆ ಅಂತ ಸುಳ್ಳು ಹೇಳಿ ಬಣ್ಣ ಹೊಡೆಸಿದೀನಿ. ಅದು ಈಗ ಬಿಡ್ತಾ ಇದೆ." ಉಸಿರು ಸಾಲದೆ ನಿಂತ. "ಮೊದಲು ಮಕ್ಕಳು. ಒಬ್ಬೊಬ್ಬರೇ. ಮೆಲ್ಲಗೆ."

ಯಾರಾದರೂ ಗಾಬರಿಬಿದ್ದು ಎದ್ದು ಓಡಿದರೆ ಮುಗಿಯಿತು. ಎಲ್ಲರಿಗಿಂತ ಮೊದಲು ಅರ್ಥವಾದದ್ದು ಹೆಂಡತಿಗೆ. ಎತ್ತಿದ್ದ ಕೈ ಇಳಿಸಿ ಅವಳು ಮೇಲಿಂದಲೇ ತನ್ನ ದೊಡ್ಡ ಧ್ವನಿಯಲ್ಲಿ ಹೇಳತೊಡಗಿದಳು. "ನಮ್ಮ ಸಾಲಿನವರು ಯಾರೂ ಅಲ್ಲಾಡಬೇಡಿ. ಟೀಚರ್, ಮಕ್ಕಳನ್ನ ಕೈ ಹಿಡಿದು ಇಳಿಸ್ಕೊಳ್ಳಿ. ಈಗ ಮೂರನೇ ಸಾಲು. ಅಜ್ಜಿ, ನಿಧಾನ, ನಿಧಾನ."

ಮಕ್ಕಳು ಇಳಿದರು. ನಾಲ್ಕನೇ ಸಾಲು ಇಳಿಯುವಾಗ ಮತ್ತೊಂದು ಟಿಕ್, ಈಗ ಅದನ್ನು ಎಲ್ಲರೂ ಕೇಳಿದರು. ಒಬ್ಬಾಕೆ ಬಾಯಿ ಮುಚ್ಚಿಕೊಂಡಳು. ಕೊನೆಗೆ ಉಳಿದವಳು ಹೆಂಡತಿ. ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಒಂದೊಂದೇ ಹಲಗೆ ಇಳಿದಳು. ಅವಳ ಕಾಲು ನೆಲ ಮುಟ್ಟಿತು.

ಎಲ್ಲರೂ ದೂರ ಸರಿದ ಮೇಲೆ ವೆಲ್ಡರ್ ಹಿಂಭಾಗಕ್ಕೆ ಹೋಗಿ, ಕೈಗೆ ಸಿಕ್ಕ ಕಲ್ಲಿನಿಂದ ಆಸರೆ ಕಂಬಿಗೆ ಒಂದು ಏಟು ಕೊಟ್ಟ. ಒಂದೇ ಏಟು. ಕಂಬಿ ಕಳಚಿ ಹುಲ್ಲಿಗೆ ಬಿತ್ತು. ಚೌಕಟ್ಟಿನ ಕಾಲು ಓರೆಯಾಗಿ ಮೇಲಿನ ಹಲಗೆಗಳು ಧಡಧಡ ಕೆಳಗೆ ಬಂದು ಮಕ್ಕಳು ಕೂತಿದ್ದ ಜಾಗದಲ್ಲಿ ರಾಶಿಯಾದವು. ಒಂದನೇ ತರಗತಿಯ ಮಗುವೊಂದು ಅಳಲು ಶುರು ಮಾಡಿತು.

ಕಂಟ್ರಾಕ್ಟರ್ ಬಂದು ಆ ರಾಶಿಯ ಮುಂದೆ ನಿಂತರು. ಅವರ ಮುಖ ಬಿಳಿಚಿಕೊಂಡಿತ್ತು.

"ಅವತ್ತು ನಿಮ್ಮ ಹೆಂಡ್ತಿ ಫೋನ್ ಮಾಡಿದ್ರಲ್ಲ," ಎಂದರು, "ಇದಕ್ಕೇನಾ?"

"ಹೌದು ಸಾರ್."

"ನಾನೂ ಪಕ್ಕದಲ್ಲೇ ಇದ್ದೆ. ಒಂದೇ ಗೀಟು ಅಂದದ್ದು ನನಗೂ ಕೇಳಿಸ್ತು." ಅಷ್ಟು ಹೇಳಿ ತಮ್ಮ ಕಾರಿನ ಕಡೆ ನಡೆದುಬಿಟ್ಟರು. ಕಿಟಕಿಗಳ ಮಾತು ಅವರೂ ಎತ್ತಲಿಲ್ಲ, ಇವನೂ ಕೇಳಲಿಲ್ಲ.

ಜನ ಗೆರೆಯ ಸುತ್ತ ನಿಂತು ಉಳಿದ ಆಟ ನೋಡಿದರು. ವೆಲ್ಡರ್ ನಿಂತ ಕಡೆ ಎರಡೂ ಪಕ್ಕ ಮಾರುದ್ದ ಜಾಗ ಖಾಲಿಯಿತ್ತು. ಕೊನೆಗೆ ಬೇಕರಿಯವರು ಒಬ್ಬರೇ ಬಂದು, ಅವನು ಗೆರೆಯಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಕಾಲಬುಡದಲ್ಲಿಟ್ಟರು. ಮೆಲ್ಲಗೆ, "ನಮ್ಮ ಟ್ರೇ ಸ್ಟ್ಯಾಂಡು ಸರಿ ಇದೆ ತಾನೆ?" ಎಂದು ಕೇಳಿದರು. "ನಮ್ಮ ಹುಡುಗಿ ಅದರ ಕೆಳಗೇ ಕೂತು ಓದ್ಕೊಳ್ತಾಳೆ."

"ಸರಿ ಇದೆ" ಎನ್ನಲು ಹೊರಟು ವೆಲ್ಡರ್ ತಡೆದ. ಹಾಗೆ ಹೇಳಿಯೇ ತಾನೆ ಇಷ್ಟಾದದ್ದು. "ನಾಳೆ ಬೆಳಿಗ್ಗೆ ಬಂದು ಬಣ್ಣ ಕೆರೆದು ತೋರಿಸ್ತೀನಿ," ಎಂದ. ಅವರು ತಲೆಯಾಡಿಸಿ ಹೋದರು.

ಮಗಳ ತಂಡ ಒಂದು ಗೋಲಿನಿಂದ ಸೋತಿತು.

ಮನೆಗೆ ಮೂವರೂ ನಡೆದೇ ಹೊರಟರು. ಹೆಂಡತಿ ಮುಂದೆ ನಡೆದಳು. ಮೊಣಕೈ ಊದಿಕೊಂಡಿತ್ತು. ಮಗಳು ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು. ಬೀದಿಯ ತಿರುವಿನಲ್ಲಿ ಅವಳ ಧ್ವನಿ ಬಂತು.

"ಅಪ್ಪ. ಅದು ಗೋಲ್ ಆಗ್ತಿತ್ತು."

"ಗೊತ್ತು ಮಗಳೇ."

"ನಿನಗೆ ಹೇಗೆ ಗೊತ್ತು? ತಪ್ಪಬಹುದಿತ್ತಲ್ಲ."

ವೆಲ್ಡರ್ ನಿಂತು ತಿರುಗಿದ.

"ತಪ್ಪುತ್ತೆ ಅಂತ ಒಂಚೂರು ಅನ್ನಿಸಿದ್ರೂ ನಾನು ಓಡಿ ಬರ್ತಿರ್ಲಿಲ್ಲ," ಎಂದ. "ಬಾಯಿ ಮುಚ್ಕೊಂಡು ಅಲ್ಲೇ ನಿಂತಿರ್ತಿದ್ದೆ."